ಗುರಿಯಮ್ಮನ ಬಹುಮತ

ಹದಿನಾರು ತುಂಬಿದರೂ ಜೀವನದಲ್ಲಿ ಒಂದು ಗುರಿ ಇಲ್ಲವಲ್ಲ ಎಂದು ಕೊರಗುವ ಮಕ್ಕಳು ಎಲ್ಲ ಕಡೆ ಇರುತ್ತಾರೆ. ದರ್ಜಿಯ ಮಗಳದ್ದು ತದ್ವಿರುದ್ಧ ಕಾಯಿಲೆ. ಅವಳಿಗೆ ವಾರಕ್ಕೊಂದು ಗುರಿ. ವರ್ಷದ ಮೊದಲಲ್ಲಿ ಅವಳು ವಿಮಾನ ಹಾರಿಸುವವಳಾಗಿದ್ದಳು. ಮಾಳಿಗೆಯ ಏಣಿಯ ಏಳನೇ ಮೆಟ್ಟಿಲಲ್ಲಿ ತಲೆ ಸುತ್ತಿ ಬಂದು ಆ ಹುದ್ದೆಗೆ ಅಲ್ಲೇ ರಾಜೀನಾಮೆ ಕೊಟ್ಟಳು. ಆಮೇಲೆ ಪಶುವೈದ್ಯೆಯಾದಳು, ಪಕ್ಕದ ಮನೆಯ ಬೆಕ್ಕು ಅವಳ ಮೊದಲ ಮತ್ತು ಕೊನೆಯ ರೋಗಿ (ಮೂರು ದಿನ ಮುಲಾಮು ಹಚ್ಚಬೇಕಾಯಿತು, ಬೆಕ್ಕಿಗಲ್ಲ). ಪತ್ತೇದಾರಿಣಿಯಾಗಿದ್ದ ವಾರದಲ್ಲಿ ಅಪ್ಪನ ಕಳೆದುಹೋದ ಕತ್ತರಿಯನ್ನು ಹುಡುಕಲು ಹೋಗಿ ಅಳತೆ ಟೇಪನ್ನೂ ಕಳೆದಳು. ಪ್ರತಿಯೊಂದು ಗುರಿಯನ್ನೂ ದಪ್ಪಕ್ಷರದಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸುವುದು ಅವಳ ಪದ್ಧತಿ. ಒಂದರ ಮೇಲೊಂದು ಅಂಟಿ ಅಂಟಿ ಬೀರುವಿನ ಬಾಗಿಲು ಈಗ ಸರಿಯಾಗಿ ಮುಚ್ಚುತ್ತಿರಲಿಲ್ಲ. ಮನೆಯವರು ಅವಳಿಗೆ ಗುರಿಯಮ್ಮ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಇಂಥ ಗುರಿಯಮ್ಮ ಒಂದು ಸೋಮವಾರ ಶಾಲೆಯಿಂದ ಓಡಿಕೊಂಡೇ ಬಂದಳು. ಪಕ್ಕದ ಊರಿನಲ್ಲಿ ಮೂರು ದಿನ ಅಣಕು ಸಂಸತ್ತು ನಡೆಯುತ್ತದೆ, ಮೂವತ್ತು ಮಕ್ಕಳು ಹೋಗುತ್ತಾರೆ, ಅದರಲ್ಲಿ ಅವಳು ವಿರೋಧ ಪಕ್ಷದ ನಾಯಕಿ! "ನಿನ್ನ ಬಾಯಿಗೆ ಇದೇ ಸರಿ" ಎಂದು ಸಮಾಜದ ಟೀಚರ್ ತಾವಾಗಿಯೇ ಆರಿಸಿದ್ದರು. ಅಷ್ಟು ವರ್ಷದಲ್ಲಿ ಅವಳನ್ನು ಯಾರಾದರೂ ಯಾವುದಕ್ಕಾದರೂ ತಾವಾಗಿ ಆರಿಸಿದ್ದು ಅದೇ ಮೊದಲು. ಹಾಗಾಗಿ ಬೀರುವಿನ ಮೇಲೆ "ರಾಜಕಾರಣ" ಎಂಬ ಹೊಸ ಹಾಳೆ ಏರಿತು. ಆದರೆ ಶುಕ್ರವಾರದೊಳಗೆ ಒಪ್ಪಿಗೆ ಪತ್ರಕ್ಕೆ ಅಪ್ಪನ ಸಹಿ ಬೀಳಬೇಕಿತ್ತು.

ಅಪ್ಪ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ನೋಡೋಣ" ಎಂದರು.

ಅಪ್ಪನ ಈ ನೋಡೋಣದ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಅದರೊಳಗೆ ಹೋದ ಯಾವ ಬೇಡಿಕೆಯೂ ಈವರೆಗೆ ಜೀವಂತವಾಗಿ ಹೊರಬಂದಿಲ್ಲ. ಸೈಕಲ್ ಹೋಗಿತ್ತು, ಕೂದಲು ಕತ್ತರಿಸುವ ವಿಚಾರ ಹೋಗಿತ್ತು, ತಮ್ಮನ ನಾಯಿಮರಿ ಹೋಗಿ ಎರಡು ವರ್ಷವಾಗಿತ್ತು.

"ಅಮ್ಮಾ, ನೀನಾದ್ರೂ ಹೇಳು!"

ಅಮ್ಮನಿಗೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ಅಲ್ಲಿಯ ಶಿಸ್ತು ಮನೆಗೂ ಬರುತ್ತಿತ್ತು. "ಇದು ನನ್ನ ಕೌಂಟರ್ ಅಲ್ಲ, ಅಪ್ಪನ್ನೇ ಕೇಳು" ಎಂದಳು.

ಅಜ್ಜಿಯಂತೂ ಕನ್ನಡಕ ಒರೆಸಿಕೊಳ್ಳುತ್ತಾ, "ಜಗಳ ಆಡೋಕೆ ಮೂರು ದಿನ ಪಕ್ಕದೂರಿಗೆ ಯಾಕೆ ಹೋಗ್ಬೇಕು? ಇಲ್ಲೇ ಆಡು, ನಾನಿದೀನಲ್ಲ" ಎಂದಳು.

"ವಿರೋಧ ಪಕ್ಷ ಅಂದ್ರೆ ಎಲ್ಲದಕ್ಕೂ ಬೇಡ ಅನ್ನೋದಾ?" ಎಂದು ಹತ್ತು ವರ್ಷದ ತಮ್ಮ ಕೇಳಿದ. "ಹಾಗಾದ್ರೆ ಅದು ಅಪ್ಪ. ನೀನು ಹೇಗಾಗ್ತೀಯ?"

ಗುರಿಯಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮುಂದಿನ ಕೋಣೆಯಲ್ಲೇ ಅಪ್ಪನ ಅಂಗಡಿ. ಅಲ್ಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮಾಳಿಗೆಗೆ (ಏಣಿಯ ಆರನೇ ಮೆಟ್ಟಿಲವರೆಗೆ), ಮತ್ತೆ ಅಂಗಡಿಗೆ. ಹೋದಲ್ಲೆಲ್ಲ ಏನನ್ನಾದರೂ ಎತ್ತಿ ಇನ್ನೆಲ್ಲೋ ಇಡುತ್ತಿದ್ದಳು. ಅವಳಿಗೆ ಅಳು ಬರುವಷ್ಟು ಹೋಗಬೇಕೆನ್ನಿಸಿತ್ತು. ಜನ್ಮದಲ್ಲಿ ಮೊದಲ ಸಲ ದಿನಪತ್ರಿಕೆಯನ್ನು ಮೊದಲ ಪುಟದಿಂದ ಓದಿದಳು. ಅರ್ಧ ಅರ್ಥವಾಗಲಿಲ್ಲ, ಆದರೆ ಒಂದು ಮಾತು ಪ್ರತಿ ಸುದ್ದಿಯಲ್ಲೂ ಬರುತ್ತಿತ್ತು: ಬಹುಮತ. ಬಹುಮತ ಇದ್ದವರು ಏನು ಬೇಕಾದರೂ ಮಾಡುತ್ತಾರೆ, ಇಲ್ಲದವರು ಎದ್ದು ಹೊರಗೆ ನಡೆಯುತ್ತಾರೆ. ಇಷ್ಟೇನಾ ರಾಜಕಾರಣ! ಈ ಮನೆಯಲ್ಲಿ ಐದು ಜನ. ಮೂರು ಸಾಕು!

ಮಂಗಳವಾರ ಸಂಜೆ ಅವಳು ಬೆಂಚಿನ ಮೇಲೆ ಹತ್ತಿ ನಿಂತು ಘೋಷಿಸಿದಳು: "ಇನ್ಮೇಲೆ ಈ ಮನೇಲಿ ಒಬ್ಬರ ದರ್ಬಾರು ನಡೆಯಲ್ಲ. ಎಲ್ಲ ವಿಷಯಾನೂ ಮತಕ್ಕೆ ಹಾಕೋಣ!"

"ನಿಯಮ ಏನು, ಬರೆದುಕೊಡು" ಎಂದಳು ಅಮ್ಮ. ಲಿಖಿತವಾಗಿ ಬಂದರೆ ಅವಳು ಭೂಕಂಪವನ್ನೂ ಸ್ವೀಕರಿಸುತ್ತಾಳೆ.

ಗುರಿಯಮ್ಮ ಎರಡು ಪುಟದ ಸಂವಿಧಾನ ಬರೆದಳು. ಮತದಾನ ಗುಪ್ತ. ಬಹುಮತದ ತೀರ್ಮಾನವೇ ಅಂತಿಮ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾವ ವಿಷಯವನ್ನು ಬೇಕಾದರೂ ಸಭೆಯ ಮುಂದೆ ಇಡಬಹುದು. ಈ ಕೊನೆಯ ಸಾಲನ್ನು ಅವಳು ಬರೆದದ್ದು ಶುದ್ಧ ಔದಾರ್ಯದಿಂದ, ಅದೂ ಕೆಂಪು ಶಾಯಿಯಲ್ಲಿ. ಅಪ್ಪ ಮಾತ್ರ ದಾರ ಕಚ್ಚುತ್ತಾ ಮಗಳ ಮುಖ ನೋಡಿ ನಕ್ಕು, "ಆಯ್ತು, ಬುಧವಾರ ಮತದಾನ" ಎಂದುಬಿಟ್ಟರು.

ಇನ್ನು ಪ್ರಚಾರ. ಬುಧವಾರ ಬೆಳಗ್ಗೆ ಶಾಲೆಗೆ ಹೋಗುವ ಮುಂಚೆಯೇ ಅವಳು ಮನೆಮನೆ, ಅಂದರೆ ಕೋಣೆಕೋಣೆ, ಸುತ್ತಿದಳು. ಅಪ್ಪನಿಗೆ ನಲವತ್ತು ಸಮವಸ್ತ್ರದ ಅಂಗಿಗಳಿಗೆ ಗುಂಡಿ ಹೊಲಿದುಕೊಡುವುದಾಗಿ ಮಾತು ಕೊಟ್ಟಳು. ಅಮ್ಮನಿಗೆ ಒಂದು ತಿಂಗಳು ಪಾತ್ರೆ. ತಮ್ಮ ಸುಲಭಕ್ಕೆ ಬಗ್ಗುವ ಮತದಾರನಲ್ಲ.

"ಕಿಟಕಿ ಪಕ್ಕದ ನಿನ್ನ ಮಂಚ ಕೊಡು. ಖಾಯಂ" ಎಂದ.

"ಕೊಟ್ಟೆ."

"ಮಾತು?"

"ಮಾತು!"

ಅಜ್ಜಿಯ ಹತ್ತಿರ ಹೋದಾಗ ಅಜ್ಜಿ ಕಾಲು ಚಾಚಿಕೊಂಡು, "ನನಗೇನು ಬೇಕು ಈ ವಯಸ್ಸಲ್ಲಿ? ಬೀದಿ ಕಾಣೋ ಹಾಗೆ ಕಿಟಕಿ ಪಕ್ಕ ಒಂದು ಮಂಚ ಇದ್ದಿದ್ರೆ..." ಎಂದು ನಿಟ್ಟುಸಿರು ಬಿಟ್ಟಳು. ಗುರಿಯಮ್ಮ ಒಂದು ಕ್ಷಣ ತಡವರಿಸಿದಳು. ಒಂದೇ ಕ್ಷಣ. ಆಮೇಲೆ, "ಅಷ್ಟೇ ತಾನೆ? ಅದು ನಿಂದೇ ಅಜ್ಜೀ" ಎಂದಳು. ರಾಜಕಾರಣದಲ್ಲಿ ಅವಳು ಇಟ್ಟ ಮೊದಲ ನಿಜವಾದ ಹೆಜ್ಜೆ ಇದು ಎನ್ನಬೇಕು.

ಮತದಾನ ಅಂಗಡಿಯಲ್ಲೇ ನಡೆಯಿತು. ಗಿರಾಕಿಗಳು ಬಟ್ಟೆ ಹಾಕಿ ನೋಡುವ ಮೂಲೆಗೆ ಒಂದು ಪರದೆ ಇತ್ತಲ್ಲ, ಅದೇ ಮತಗಟ್ಟೆ. ಒಳಗೆ ಖಾಲಿ ಬಿಸ್ಕತ್ತಿನ ಡಬ್ಬ. ಪ್ರತಿಯೊಬ್ಬರಿಗೂ ಎರಡು ಗುಂಡಿ: ಕೋಟಿನ ಹಿತ್ತಾಳೆ ಗುಂಡಿ ಅಂದರೆ ಹೋಗಲಿ, ಅಂಗಿಯ ಬಿಳಿ ಗುಂಡಿ ಅಂದರೆ ಬೇಡ. (ಈ ಗುಂಡಿಗೆ ಯಾರು ಬೀಳುತ್ತಾರೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.) ಒಂದನ್ನು ಡಬ್ಬಕ್ಕೆ ಹಾಕಬೇಕು, ಇನ್ನೊಂದನ್ನು ಮುಷ್ಟಿಯಲ್ಲೇ ಹೊರಗೆ ತರಬೇಕು. ಒಬ್ಬೊಬ್ಬರೇ ಒಳಹೋಗಿ ಗಂಭೀರವಾಗಿ ಹೊರಬಂದರು. ತಮ್ಮನಂತೂ ಒಳಗೆ ತುಂಬ ಹೊತ್ತು ಇದ್ದ, ಡಬ್ಬದಲ್ಲಿ ಬಿಸ್ಕತ್ತು ನಿಜಕ್ಕೂ ಇಲ್ಲ ಎಂದು ಖಚಿತ ಮಾಡಿಕೊಳ್ಳುತ್ತಿದ್ದ.

ಗುರಿಯಮ್ಮ ಮುಚ್ಚಳಕ್ಕೆ ಕೈಹಾಕಿದಳು.

"ತೆಗೆಯೋದೇ ಬೇಡ. ಐದೂ ಹಿತ್ತಾಳೆ" ಎಂದರು ಅಪ್ಪ.

"ಹೇಗೆ ಗೊತ್ತು?"

"ಮೂವತ್ತು ವರ್ಷದಿಂದ ಗುಂಡಿ ಹೊಲೀತಿದೀನಿ. ಬಿದ್ದ ಸದ್ದಲ್ಲೇ ಗೊತ್ತಾಗುತ್ತೆ. ನಿಮ್ಮಮ್ಮ ಮೊದಲು ಹಾಕಿದ್ದು ಅಂಗೀದು. ಆಮೇಲೆ ಏನನ್ನಿಸ್ತೋ, ತೆಗೆದು ಕೋಟಿಂದು ಹಾಕಿದ್ಲು."

"ಅಪ್ಪಾ, ಇದು ಗುಪ್ತ ಮತದಾನ!"

"ಕಿವಿ ಮುಚ್ಕೋಬೇಕು ಅಂತ ನಿಯಮದಲ್ಲಿ ಬರೆದಿರ್ಲಿಲ್ವಲ್ಲಮ್ಮ" ಎಂದು ಅಪ್ಪ ಅಲ್ಲೇ ಸಹಿ ಹಾಕಿಕೊಟ್ಟರು.

ಐದಕ್ಕೆ ಐದು! ಗುರಿಯಮ್ಮನ ಕಾಲು ನೆಲಕ್ಕೆ ತಾಗಲಿಲ್ಲ. ಕನ್ನಡಿಯ ಮುಂದೆ ನಿಂತು, "ಮಾನ್ಯ ಸಭಾಧ್ಯಕ್ಷರೇ, ಈ ಸರ್ಕಾರ ಜನರಿಗೆ ಸುಳ್ಳು ಭರವಸೆ ಕೊಟ್ಟಿದೆ!" ಎಂದು ತೋರುಬೆರಳು ಎತ್ತಿ ಎತ್ತಿ ಭಾಷಣ ಕಲಿತಳು. ಒಂಬತ್ತು ನಿಮಿಷದ ಭಾಷಣ. ಕನ್ನಡಿ ಒಂದು ಸಲವೂ ಎದುರು ಮಾತಾಡಲಿಲ್ಲ.

ಗುರುವಾರ ಸಂಜೆ ಶಾಲೆಯಿಂದ ಬಂದಾಗ ಒಳಕೋಣೆಯಲ್ಲಿ ಗಲಾಟೆ ಕೇಳಿಸಿತು. ಕಿಟಕಿ ಪಕ್ಕದ ಮಂಚದ ಒಂದು ತುದಿಯಲ್ಲಿ ಅಜ್ಜಿ ಕಂಬಳಿ ಹಿಡಿದು ಕೂತಿದ್ದಳು. ಇನ್ನೊಂದು ತುದಿಯಲ್ಲಿ ತಮ್ಮ ದಿಂಬು ಅಪ್ಪಿಕೊಂಡು ಕೂತಿದ್ದ.

"ನನಗೆ ಕೊಟ್ಟಿದ್ದು!"

"ಹೋಗೋ, ನನಗೆ ಕೊಟ್ಟಿದ್ದು!"

"ಖಾಯಂ ಅಂತ ಕೊಟ್ಟಿದ್ದು!"

ಇಬ್ಬರೂ ಒಟ್ಟಿಗೆ ಬಾಗಿಲ ಕಡೆ ತಿರುಗಿದರು. ಗುರಿಯಮ್ಮನಿಗೆ ಆ ಕ್ಷಣದಲ್ಲಿ ಪತ್ರಿಕೆಯಲ್ಲಿ ಓದಿದ್ದು ನೆನಪಾಯಿತು. ಎದ್ದು ಹೊರಗೆ ನಡೆಯುವುದು. ತಿರುಗಿದರೆ ಹಿಂದೆ ಅಮ್ಮ ನಿಂತಿದ್ದಳು, ಕೈಯಲ್ಲಿ ಎರಡು ಪುಟದ ಸಂವಿಧಾನ.

"ಯಾರು ಬೇಕಾದ್ರೂ, ಯಾವಾಗ ಬೇಕಾದ್ರೂ ವಿಷಯ ಇಡಬಹುದು ಅಂತ ಇದೆ. ಕೆಂಪು ಶಾಯೀಲಿದೆ" ಎಂದಳು ಅಮ್ಮ. "ನಾನು ಇಡ್ತಿದೀನಿ. ಒಂದೇ ಮಂಚಾನ ಇಬ್ಬರಿಗೆ ಕೊಟ್ಟ ಹುಡುಗೀನ ಮೂರು ದಿನ ಒಬ್ಬಳೇ ಕಳಿಸೋದು ಬೇಡ. ಜೊತೆಗೆ ಮನೆಯವರೊಬ್ಬರು ಹೋಗ್ಬೇಕು."

"ಅಮ್ಮಾ! ಯಾರೂ ಮನೆಯವರನ್ನ ಕರ್ಕೊಂಡು ಬರಲ್ಲ! ಅದಕ್ಕೆ ಅವಕಾಶಾನೇ ಇಲ್ಲ!"

ಅಮ್ಮ ಒಪ್ಪಿಗೆ ಪತ್ರವನ್ನು ತಿರುಗಿಸಿ, ತೀರಾ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದ ಒಂದು ಸಾಲು ತೋರಿಸಿದಳು. ಜೊತೆಗೆ ಬರಲು ಇಚ್ಛಿಸುವ ಪೋಷಕರಿಗೆ ಸ್ವಾಗತ. ಪ್ರಪಂಚದಲ್ಲಿ ಆ ಸಾಲನ್ನು ಓದುವವರು ಅಂಚೆ ಕಚೇರಿಯವರು ಮಾತ್ರ.

"ಅಂಗಡಿ ಬಿಟ್ಟು ನಾನು ಬರೋಕಾಗಲ್ಲ" ಎಂದರು ಅಪ್ಪ. "ನನಗೆ ರಜೆ ಇಲ್ಲ" ಎಂದಳು ಅಮ್ಮ. ಎಲ್ಲರ ಕಣ್ಣೂ ಅಜ್ಜಿಯ ಮೇಲೆ ಬಿತ್ತು. ಅಜ್ಜಿ ಆಗಲೇ ಚೀಲ ಎಲ್ಲಿದೆ ಎಂದು ಹುಡುಕುತ್ತಿದ್ದಳು. ಅವಳು ಹೋದರೆ ಮೂರು ದಿನ ಮಂಚ ತಮ್ಮನಿಗೆ, ಬಂದ ಮೇಲೆ ಅಜ್ಜಿಗೆ. ಮಾತು ಇಬ್ಬರಿಗೂ ಅಷ್ಟಿಷ್ಟು ಉಳಿಯಿತು, ತಮ್ಮನ ಖಾಯಂ ಮಾತ್ರ ಮೂರು ದಿನಕ್ಕಿಳಿಯಿತು. ಈ ಸಲ ಗುಂಡಿಯ ಗೊಡವೆಯಿಲ್ಲದೆ ಕೈ ಎತ್ತಿಯೇ ಮತ ಹಾಕಿದರು. ನಾಲ್ಕು, ಒಂದು. ಆ ಒಂದು ಯಾರದೆಂದು ಹೇಳಬೇಕಿಲ್ಲ.

"ಇದು ಅನ್ಯಾಯ!" ಎಂದು ಗುರಿಯಮ್ಮ ಕಿರುಚಿದಳು.

"ಬಹುಮತ" ಎಂದು ಅಮ್ಮ ತಿದ್ದಿದಳು.

ಶನಿವಾರ ಬೆಳಗ್ಗೆ ಬಸ್ಸಿನ ಮೊದಲ ಸಾಲಿನಲ್ಲಿ ಅಜ್ಜಿ ಕೂತಳು. ಗುರಿಯಮ್ಮ ಕೊನೆಯ ಸಾಲಿಗೆ ಹೋಗಿ, ಆ ಹೆಂಗಸು ಯಾರೋ ಏನೋ ಎಂಬಂತೆ ಹೊರಗೆ ನೋಡುತ್ತಾ ಕೂತಳು. ಮೂವತ್ತು ಮಕ್ಕಳನ್ನು ಸುಮ್ಮನಿರಿಸಲು ಕೂಗಿ ಕೂಗಿ ಅರ್ಧ ದಾರಿಯಲ್ಲೇ ಟೀಚರ ಗಂಟಲು ಕಟ್ಟಿತು. ಕಿಟಕಿ ಮುಚ್ಚಬೇಕೋ ತೆಗೆಯಬೇಕೋ ಎಂದು ಮಕ್ಕಳು ಕಿತ್ತಾಡುತ್ತಿದ್ದಾಗ ಅಜ್ಜಿ ಎದ್ದು ನಿಂತಳು. "ಕೈ ಎತ್ತಿ! ಮುಚ್ಚೋಕೆ ಯಾರ್ಯಾರು?" ಎಂದು ಎಣಿಸಿ ತೀರ್ಪು ಕೊಟ್ಟಳು. ಆಮೇಲೆ ಹಾಡು ಬೇಕೋ ನಿದ್ದೆ ಬೇಕೋ ಎಂಬುದೂ ಹಾಗೆಯೇ ಇತ್ಯರ್ಥವಾಯಿತು. ಊರು ಬರುವ ಹೊತ್ತಿಗೆ ಬಸ್ಸಿಗೆ ಬಸ್ಸೇ ಅಜ್ಜೀ ಅಜ್ಜೀ ಎನ್ನುತ್ತಿತ್ತು. ಗುರಿಯಮ್ಮ ಕೊನೆಯ ಸಾಲಿನಲ್ಲಿ ಇನ್ನಷ್ಟು ಕುಗ್ಗಿ ಕೂತಳು.

ಅಣಕು ಸಂಸತ್ತಿಗೆ ಸಭಾಧ್ಯಕ್ಷೆಯಾಗಬೇಕಿದ್ದವರು ಟೀಚರೇ. ಅವರ ಬಾಯಿಂದ ಗಾಳಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. "ಅಜ್ಜಿ ಕೂತ್ಕೊಳ್ಲಿ!" ಎಂದು ಒಬ್ಬ ಹುಡುಗ ಕೂಗಿದ. ಆಡಳಿತ ಪಕ್ಷವೂ ವಿರೋಧ ಪಕ್ಷವೂ ಮೇಜು ಕುಟ್ಟಿದವು. ಆ ಮೂರು ದಿನಗಳಲ್ಲಿ ಎರಡು ಪಕ್ಷಗಳೂ ಒಪ್ಪಿದ ವಿಷಯ ಅದೊಂದೇ. ಅಜ್ಜಿ ಬೇಡ ಬೇಡ ಎನ್ನುತ್ತಾ ಎತ್ತರದ ಕುರ್ಚಿಯಲ್ಲಿ ಹೋಗಿ ಕೂತೇಬಿಟ್ಟಳು. "ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಬಿಟ್ರೆ, ಅವರ ಸರದಿ ಎಲ್ಲರಿಗಿಂತ ಕೊನೆಗೆ" ಎಂದು ಒಂದೇ ನಿಯಮ ಮಾಡಿದಳು. ಸಭೆ ಗಪ್‌ಚುಪ್ಪಾಯಿತು.

ಎರಡನೇ ದಿನ ವಿರೋಧ ಪಕ್ಷದ ನಾಯಕಿಯ ಸರದಿ ಬಂತು. ಗುರಿಯಮ್ಮ ಎದ್ದು ನಿಂತು ತೋರುಬೆರಳು ಎತ್ತಿದಳು.

"ಮಾನ್ಯ ಸಭಾಧ್ಯಕ್ಷರೇ..."

"ಹೇಳಮ್ಮ" ಎಂದಳು ಅಜ್ಜಿ. ಎರಡೂ ಪಕ್ಷದವರು ಕಿಸಕ್ಕನೆ ನಕ್ಕರು.

"ಈ ಸರ್ಕಾರ... ಜನರಿಗೆ ಸುಳ್ಳು ಭರವಸೆ..."

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಅವಳನ್ನೇ ನೋಡುತ್ತಿದ್ದಳು. ಹುಬ್ಬು ಕೂಡ ಎತ್ತಲಿಲ್ಲ. ಒಂದು ಮಾತು ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಗುರಿಯಮ್ಮನ ಕಿವಿ ಕೆಂಪಾಯಿತು, ಬೆರಳು ತಾನಾಗಿ ಕೆಳಗಿಳಿಯಿತು. ಒಂಬತ್ತು ನಿಮಿಷದ ಭಾಷಣ ಎರಡು ನಿಮಿಷಕ್ಕೆ ಮುಗಿಯಿತು. ಕೊನೆಯಲ್ಲಿ, "ಕೊಟ್ಟ ಮಾತು ಉಳಿಸ್ಕೊಳ್ಳೋದು ಕಷ್ಟ ಅಂತ ನಮಗೂ ಗೊತ್ತು, ಆದ್ರೂ ಉಳಿಸ್ಕೊಳ್ಳಬೇಕು" ಎಂದು, ಬರೆದುಕೊಂಡು ಹೋಗದ ಒಂದು ವಾಕ್ಯವನ್ನು ಗೊಣಗಿ ಕೂತುಬಿಟ್ಟಳು. ಚಪ್ಪಾಳೆ ಬಿದ್ದದ್ದು ಅದೊಂದೇ ವಾಕ್ಯಕ್ಕೆ. ಅವಳಿಗೆ ಅದೂ ಗೊತ್ತಾಗಲಿಲ್ಲ.

ಊರಿಗೆ ಮರಳಿದ ಮೇಲೆ ಗುರಿಯಮ್ಮ ಎರಡು ದಿನ ಕೊಟ್ಟ ಮಾತಿನಂತೆ ಅಂಗಿಗಳಿಗೆ ಗುಂಡಿ ಹೊಲಿದಳು, ಪಾತ್ರೆ ತೊಳೆದಳು. ಗುರುವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಅವಳ ತರಗತಿಯ ಆರು ಹುಡುಗಿಯರು, ಮೂವರು ಆಡಳಿತ ಪಕ್ಷದವರು, ಮೂವರು ಅವಳದೇ ಪಕ್ಷದವರು. ಅವಳ ಮುಖ ಅರಳಿತು. ನಾಯಕಿಯನ್ನು ಹುಡುಕಿಕೊಂಡು ಬಂದರಲ್ಲ!

"ಅಜ್ಜಿ ಇದಾರಾ?" ಎಂದು ಅವರು ಕೇಳಿದರು.

ಶಾಲೆಯ ಗ್ರಂಥಾಲಯಕ್ಕೆ ಊಟದ ಹೊತ್ತಿನಲ್ಲಿ ಬೀಗ ಹಾಕುತ್ತಾರೆ, ಅದನ್ನು ತೆಗೆಸಬೇಕು, ಮುಖ್ಯೋಪಾಧ್ಯಾಯರ ಹತ್ತಿರ ಹೇಗೆ ಮಾತಾಡುವುದೆಂದು ಅಜ್ಜಿಯ ಸಲಹೆ ಬೇಕು. ಆರೂ ಜನ ಒಳಕೋಣೆಗೆ ಹೋಗಿ ಕಿಟಕಿ ಪಕ್ಕದ ಮಂಚದ ಸುತ್ತ ಕೂತರು. ಬಾಗಿಲು ಮುಚ್ಚಿತು. ಗುರಿಯಮ್ಮ ಹೊರಗೆ ಆ ಕಡೆ ಈ ಕಡೆ ನಡೆದಳು, ಬಾಗಿಲಿಗೆ ಕಿವಿ ಇಟ್ಟಳು, ಮತ್ತೆ ನಡೆದಳು. ಒಳಗೆ ಅವಳಿಲ್ಲದೆ ರಾಜಕಾರಣ ನಡೆಯುತ್ತಿತ್ತು, ಅದೂ ನಿಜವಾದ ಬೀಗದ ಬಗ್ಗೆ! ಕೊನೆಗೆ ತಡೆಯಲಾರದೆ ಬಾಗಿಲು ತಳ್ಳಿದಳು.

"ನಾನೂ ಬರಬಹುದಾ?"

ಅಜ್ಜಿ ಸುತ್ತ ನೋಡಿದಳು. "ಇವಳನ್ನ ಸೇರಿಸ್ಕೊಳ್ಳೋಕೆ ಯಾರ್ಯಾರು ಒಪ್ತೀರಿ?"

ಮೂರು ಕೈ ಎದ್ದವು. ಮೂರು ಮಡಿಲಲ್ಲೇ ಉಳಿದವು. ಎದ್ದ ಮೂರೂ ಆಡಳಿತ ಪಕ್ಷದವು.

"ಸಮ ಸಮ" ಎಂದಳು ಅಜ್ಜಿ. "ಹಾಗಾದ್ರೆ ನನ್ನ ಮತ ಉಳೀತು. ಯೋಚನೆ ಮಾಡ್ಬೇಕು. ಅಷ್ಟರಲ್ಲಿ ಹೋಗಿ ಎಲ್ಲರಿಗೂ ಕುಡಿಯೋಕೆ ನೀರು ತಗೊಂಡ್ಬಾ."

ಗುರಿಯಮ್ಮ ಹಲ್ಲು ಕಚ್ಚಿಕೊಂಡು ಅಡುಗೆಮನೆಗೆ ಹೋದಳು. ಒಳಗಿದ್ದವರು ಆರು ಹುಡುಗಿಯರು ಮತ್ತು ಅಜ್ಜಿ. ಅವಳು ಎಂಟು ಲೋಟಗಳಿಗೆ ನೀರು ತುಂಬಿಸಿದಳು.