ಕೈತೋಟದ ಬಾಗಿಲು

ಮನೆ ಮಾರುವುದಕ್ಕೆ ಬ್ರೋಕರ್ ಯಾಕೆ? ಎರಡು ಕೋಣೆ, ಎತ್ತರದ ಸೂರು, ತೇಗದ ಬಾಗಿಲು, ಹಿಂದೆ ಕೈತೋಟ. ನೆಲಮಹಡಿಯ ಈ ಹಳೇ ಕಾಲದ ಫ್ಲ್ಯಾಟನ್ನು ಬರೀ ನನ್ನ ನಾಲಿಗೆಯ ಬಲದಿಂದ ಮಾರಿ ತೋರಿಸುತ್ತೇನೆಂದು ಊಟದ ಮೇಜಿನ ಮುಂದೆ ಘೋಷಿಸಿದೆ!

"ನನ್ನ ತಮ್ಮನಿಗೆ ಹೇಳಿದ್ರೆ ವಾರದಲ್ಲಿ ಮಾರಿಸಿ ಕೊಡ್ತಾನೆ," ಎಂದಳು ಹೆಂಡತಿ.

ಅವಳ ತಮ್ಮ ಬ್ರೋಕರ್. ಅವನಿಂದ ಮನೆ ಮಾರಿಸಿಕೊಂಡರೆ ಬದುಕಿರುವಷ್ಟು ದಿನ ಅವನ ಮುಗುಳ್ನಗೆ ಸಹಿಸಬೇಕು.

"ಬ್ರೋಕರ್ ಅನ್ನೋನು ಈ ಹೊಸ್ತಿಲು ತುಳಿಯೋ ಹಾಗಿಲ್ಲ."

"ಭಾನುವಾರದವರೆಗೆ ನೋಡ್ತೀನಿ. ಆಮೇಲೆ ಅವನಿಗೆ ಫೋನ್ ಮಾಡೋದೇ."

ಮನೆ ನೋಡಲು ಮೊದಲು ಬಂದ ಇಬ್ಬರಿಗೂ ಬಚ್ಚಲ ಗೋಡೆ ಒಸರುವುದನ್ನು ಅವಳೇ ಕರೆದುಕೊಂಡು ಹೋಗಿ ತೋರಿಸಿದ್ದಳು. ನಿಜ ಹೇಳುವುದು ಅವಳಿಗೊಂದು ಚಟ. ಹಾಗಾಗಿ ಭಾನುವಾರ ನಿವೃತ್ತ ಡ್ರಿಲ್ ಮೇಷ್ಟ್ರು ಪತ್ನೀಸಮೇತ ಬರುವ ಹೊತ್ತಿಗೆ ಅವಳನ್ನು ಮಹಡಿ ಮನೆಯವರ ಬಾಲ್ಕನಿಗೆ ಗಡೀಪಾರು ಮಾಡಿದೆ.

ಸೂರು ನೋಡಿ ಮೇಷ್ಟ್ರು ತಲೆದೂಗಿದರು. ಅವರ ಹೆಂಡತಿ ಮಾತ್ರ ಕಿಟಕಿ ಬಿಟ್ಟು ಕದಲಲಿಲ್ಲ.

"ನಮಗೆ ಬೇಕಾಗಿರೋದೇ ತೋಟ. ಯಾರು ಬೆಳೆಸಿದ್ದು?"

"ಒಂದೊಂದು ಗಿಡಾನೂ ಈ ಕೈಯಿಂದಲೇ ನೆಟ್ಟಿದ್ದು," ಎಂದು ಅಂಗೈ ಬೇರೆ ತೋರಿಸಿದೆ.

"ಆ ಮೂಲೇಲಿರೋ ಕೆಂಪು ಹೂವು ಯಾವುದು?"

"ಅದು... ಕೆಂಪು ಜಾತೀದು."

"ಬನ್ನಿ, ಹತ್ತಿರದಿಂದ ನೋಡೋಣ."

ಕೈತೋಟದ ಬಾಗಿಲು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎಳೆದೆ, ತಳ್ಳಿದೆ, ಅಂಗಲಾಚಿದೆ. ಮೇಷ್ಟ್ರು ಪಕ್ಕದಲ್ಲಿ ನಿಂತು "ಒಂದು, ಎರಡು, ಮೂರು" ಎಣಿಸಿಕೊಟ್ಟರು.

"ಹಳೇ ತೇಗ ನೋಡಿ, ಸ್ವಾಭಿಮಾನ ಜಾಸ್ತಿ. ಎರಡೇ ನಿಮಿಷ, ಹೊರಗಿನಿಂದ ತೆಗೀತೀನಿ," ಎಂದು ಬಚ್ಚಲಿಗೆ ಓಡಿದೆ. ತೋಟಕ್ಕಿದ್ದ ಇನ್ನೊಂದು ದಾರಿಯೆಂದರೆ ಅಲ್ಲಿನ ಕಿಟಕಿ ಮಾತ್ರ. ಬಕೆಟ್ ಬೋರಲು ಹಾಕಿ, ಅದರ ಮೇಲೆ ನಿಂತು ಕಿಟಕಿಗೆ ತಲೆ ತೂರಿಸಿದೆ. ಕಿಟಕಿಯ ಅಳತೆ ಸರಿಯಾಗಿಯೇ ಅಂದಾಜಿಸಿದ್ದೆ, ಹೊಟ್ಟೆಯದನ್ನು ಮರೆತಿದ್ದೆ. ತಲೆ ತೋಟ ಸೇರಿತು, ಕಾಲು ಬಚ್ಚಲಲ್ಲೇ ಉಳಿಯಿತು, ಬಕೆಟ್ ಉರುಳಿ ಹೋಯಿತು!

ಬಾಲ್ಕನಿಯಿಂದ ದನಿ ಬಂತು. "ರೀ, ಅಲ್ಲೇನ್ ಮಾಡ್ತಿದೀರಾ?"

"ತೋಟ ತೋರಿಸ್ತಿದೀನಿ."

ಮೇಷ್ಟ್ರು ನನ್ನ ಕಾಲು ಹಿಡಿದು ಒಳಗೆಳೆದು ನಿಲ್ಲಿಸುವಷ್ಟರಲ್ಲಿ ಅವಳು ಇಳಿದು ಬಂದಿದ್ದಳು. ಬಾಗಿಲ ಹಿಡಿಯನ್ನು ತುಸು ಮೇಲಕ್ಕೆತ್ತಿ ಸೊಂಟದಿಂದ ಒಂದು ಗುದ್ದು ಕೊಟ್ಟಳು. ಬಾಗಿಲು ತೆರೆದುಕೊಂಡಿತು.

"ದಿನಾ ನೀರು ಹಾಕೋಕೆ ಹೋಗ್ತೀನಲ್ಲ, ಅಭ್ಯಾಸ," ಎಂದಳು ಅವರಿಗೆ.

ಹದಿನೆಂಟು ವರ್ಷದಿಂದ ಈ ಮನೆಯಲ್ಲಿದ್ದೇನೆ. ಆ ಗುದ್ದನ್ನು ನೋಡಿದ್ದು ಅವತ್ತೇ ಮೊದಲು. ನಾಚಿಕೆಯಾಯಿತು.

ಅರ್ಧ ಗಂಟೆ ಅವಳು ಗಿಡಗಿಡದ ಕಥೆ ಹೇಳಿದಳು, ಬಚ್ಚಲ ಗೋಡೆಯದನ್ನೂ ಬಿಡಲಿಲ್ಲ. ಆದರೂ ಮೇಷ್ಟ್ರು, "ಮನೆ ನಮಗೇ ಇರಲಿ," ಎಂದುಬಿಟ್ಟರು. ನಾನು ಗೆದ್ದೆ! ಅಂಗಿಯ ಸುಣ್ಣ ಕೊಡವಿಕೊಂಡು ಕೈಕುಲುಕಲು ಮುಂದೆ ಹೋದೆ.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ನನ್ನವಳನ್ನು ಪಕ್ಕಕ್ಕೆ ಕರೆದರು. ಮೆಲ್ಲಗೆ ಅಂದದ್ದು ನನಗೂ ಕೇಳಿಸಿತು.

"ಇನ್ನು ಮಾತೆಲ್ಲ ನಿಮ್ಮ ಹತ್ರಾನೇ ಅಮ್ಮಾ. ಈ ಬ್ರೋಕರ್ ಬೇಡ. ಮನೆ ತಮ್ಮದೇ ಅನ್ನೋ ಹಾಗೆ ಮಾತಾಡ್ತಾರೆ, ಬಾಗಿಲು ತೆಗೆಯೋಕೂ ಬರಲ್ಲ. ಎಲ್ಲಿಂದ ಹುಡುಕಿದ್ರಿ ಇವರನ್ನ?"

ಹೆಂಡತಿ ನನ್ನನ್ನೊಮ್ಮೆ ನೋಡಿದಳು. ಎಂದಿನಂತೆ ನಿಜವನ್ನೇ ಹೇಳಿದಳು.

"ನಾನಲ್ಲ, ನಮ್ಮಪ್ಪ ಹುಡುಕಿದ್ದು."