ಮೇಕೆಯಿಂದ ಹೇಳಿಸಿದ ಮಾತು

ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಕಟ್ಟಿದವನಿಗೆ ಮದುವೆಯಾಗಿರಲಿಲ್ಲ ಎಂಬುದು ನನ್ನ ಬಲವಾದ ಗುಮಾನಿ. ಊಟದ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ಮಾತು ನನ್ನ ಕಸುಬು. ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಭಾಷೆಯ ಪಾಠ ಬಂದಾಗಲೆಲ್ಲ ಗಂಟಲು ಸರಿಮಾಡಿಕೊಂಡು ಒಂದು ಮಾತು ತಪ್ಪದೆ ಹೇಳುತ್ತೇನೆ. ನಾಯಿ ಬೊಗಳಿದರೆ ಕಳ್ಳ ಈಗ ಬಂದಿದ್ದಾನೆ ಎಂದರ್ಥ; ಹೋದ ವಾರ ಬಂದಿದ್ದ ಎಂದು ಯಾವ ನಾಯಿಯೂ ಬೊಗಳಲಾರದು. ಕಣ್ಣೆದುರಿಗೆ ಇಲ್ಲದ್ದನ್ನು, ಆಗಿಹೋದದ್ದನ್ನು, ಇನ್ನೂ ಆಗಬೇಕಾದದ್ದನ್ನು ಆಡಿ ತೋರಿಸುವ ಶಕ್ತಿ ಮನುಷ್ಯನ ಮಾತಿಗೆ ಮಾತ್ರ ಇದೆ. ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬಳು, "ಆಗದೇ ಇರೋದನ್ನೂ ಆಡಬಹುದಲ್ರೀ ಸಾರ್, ಓಟು ಬಂದಾಗ" ಎಂದಳು. ನಾನು ಮುಂದಿನ ಪಾಠಕ್ಕೆ ಹೋದೆ.

ಈ ಶಕ್ತಿಯನ್ನು ನಾನು ಮನೆಯಲ್ಲಿ ಪ್ರಯೋಗಿಸಿದ್ದೇ ಅನಾಹುತವಾಯಿತು. ನನ್ನ ಹೆಂಡತಿ ವನಜಳ ತವರು ಮೊಳಕಾಲ್ಮೂರು. ಅವಳ ಅಣ್ಣನ ಮಗಳಿಗೆ ಗಂಡು ಗೊತ್ತಾಗಿ, ನಿಶ್ಚಿತಾರ್ಥಕ್ಕೆಂದು ಇವಳು ತನಗೊಂದು ರೇಷ್ಮೆ ಸೀರೆ ನೇಯಿಸಿದಳು. ಅಂಗಡಿಯಲ್ಲಿ ಮಡಿಸಿಟ್ಟ ಸೀರೆಯಲ್ಲ. ತವರಿನ ಬೀದಿಯಲ್ಲೇ ಇರುವ ನೇಕಾರರ ಮನೆಗೆ ಹೋಗಿ, ಮಗ್ಗದ ಪಕ್ಕ ಕುಳಿತು, ಒಡಲಿಗೆ ಯಾವ ಬಣ್ಣ, ಅಂಚಿಗೆ ಯಾವುದು, ಸೆರಗಿಗೆ ಯಾವುದು ಎಂದು ತಾಯಿಯ ಜೊತೆ ವಾದ ಮಾಡಿ ಹೇಳಿ ಬಂದಿದ್ದಳು. ಸೀರೆ ಮನೆಗೆ ಬಂದ ಸಂಜೆ ನಾನು ಮೊಬೈಲಿನಲ್ಲಿ ಮುಳುಗಿದ್ದೆ. ಅವಳು ಎದುರಿಗೆ ಬಂದು ನಿಂತು, "ಹೆಂಗೈತ್ರಿ?" ಎಂದಳು.

"ಭಾಳ ಚೆನ್ನಾಗೈತೆ" ಎಂದೆ.

ಹೇಳಿ ಆದ ಮೇಲೆ ತಲೆಯೆತ್ತಿದೆ. ಅವಳ ಕೈಯಲ್ಲಿ ಸೀರೆ ಇನ್ನೂ ಪೇಪರಿನಲ್ಲಿ ಸುತ್ತಿಕೊಂಡು, ಮೇಲೆ ದಾರ ಬಿಗಿಸಿಕೊಂಡು ಕುಳಿತಿತ್ತು. ಎದುರಿಗೆ ಇಲ್ಲದ್ದನ್ನು ವರ್ಣಿಸುವ ಕಲೆಯಲ್ಲಿ ನಾನು ಪಾಠಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಗಂಟನ್ನು ಹಾಗೇ ಎತ್ತಿ ಬೀರುವಿನಲ್ಲಿಟ್ಟು, ನನ್ನ ಜೊತೆ ಮಾತು ಬಿಟ್ಟಳು.

ಮಾತು ಬಿಡುವುದೆಂದರೆ ಮಾತಾಡದಿರುವುದು ಎಂದು ತಿಳಿದವರು ನಮ್ಮ ಸೀಮೆಯವರಲ್ಲ. ತಳಕು ಊರಿನ ನಮ್ಮ ದೊಡ್ಡಪ್ಪ ದೊಡ್ಡವ್ವ ಮಾತು ಬಿಟ್ಟಾಗ ಪಡಸಾಲೆಯ ಕಂಬದ ಮೂಲಕ ಸಂಸಾರ ನಡೆಸುತ್ತಿದ್ದರು. "ಕಂಬಾ, ನಾನು ಚಳ್ಳಕೆರೆಗೆ ಹೋಗ್ತೀನಿ, ಏನಾನ ಬೇಕಾದ್ರೆ ಹೇಳಕೆ ಹೇಳು" ಎಂದು ದೊಡ್ಡಪ್ಪ ಅಂದರೆ, "ಕಂಬಾ, ಎಲೆ ಅಡಿಕೆ ತರಕೆ ಹೇಳು, ಹೋದ ಸಲದಂಗೆ ಸುಣ್ಣ ಮರೀಬ್ಯಾಡ ಅಂತ ಹೇಳು" ಎಂದು ದೊಡ್ಡವ್ವ ಒಳಗಿಂದ ಕೂಗುತ್ತಿದ್ದಳು. ನಮ್ಮದು ಆರ್‌ಸಿಸಿ ಮನೆ, ಕಂಬಗಳೆಲ್ಲ ಗೋಡೆಯೊಳಗೆ ಸೇರಿಕೊಂಡಿವೆ. ಹಾಗಾಗಿ ಆ ಕೆಲಸ ಹಿತ್ತಲಿನ ಮೇಕೆಯ ಪಾಲಿಗೆ ಬಂತು. ಹಾಲಿಗಿರಲಿ ಎಂದು ಅವಳ ತವರಿನವರು ಕೊಟ್ಟದ್ದು. ಹೆಸರು ಚುಕ್ಕಿ.

"ಚುಕ್ಕೀ, ಮುದ್ದೆ ಆರ್ತೈತೆ, ಉಣ್ಣೋರು ಉಣ್ಣಬಹುದು ಅಂತ ಹೇಳೇ." "ಚುಕ್ಕೀ, ಗ್ಯಾಸ್ ಮುಗಿದೈತೆ. ನೋಡದೇನೇ ಎಲ್ಲಾ ಗೊತ್ತಾಗೋರಿಗೆ ಅದೂ ಗೊತ್ತಾಗಿರ್ತೈತೆ ಬಿಡು." ಮೇಕೆ ಎಲ್ಲವನ್ನೂ ಕೇಳಿಸಿಕೊಂಡು "ಮ್ಯಾ" ಎನ್ನುತ್ತಿತ್ತು. ಅದಕ್ಕೆ ಹಸಿವಾಗಿದೆ ಎಂದಷ್ಟೇ ಅರ್ಥ. ಒಬ್ಬರಿಗೆ ಹೇಳುತ್ತ ಇನ್ನೊಬ್ಬರಿಗೆ ತಾಗಿಸುವ ವಿದ್ಯೆ ಮನುಷ್ಯರಿಗೆ ಮಾತ್ರ ಇರುವುದು ಎಂಬುದು ನನ್ನ ಪಾಠದಲ್ಲಿ ಇರಲಿಲ್ಲ. ಸೇರಿಸಿಕೊಂಡೆ. ಕ್ಷಮೆ ಕೇಳೋಣವೆಂದರೆ, "ಚುಕ್ಕೀ, ನಂದು ತಪ್ಪಾಯ್ತು ಅಂತ ಹೇಳು" ಎನ್ನಲು ಅಭಿಮಾನ ಅಡ್ಡ ಬರುತ್ತಿತ್ತು. ಎಷ್ಟಾದರೂ ಅದು ಮೇಕೆ.

ನನ್ನ ನಿಜವಾದ ಭಯ ನಿಶ್ಚಿತಾರ್ಥದ್ದು. ಅತ್ತೆಮನೆಯಲ್ಲಿ ನನಗೆ ಒಳ್ಳೆಯ ಹೆಸರಿದೆ. ಹೆಚ್ಚಾಗಿ ಭಾಷಣದಿಂದ ಸಂಪಾದಿಸಿದ್ದು. ಆ ಸೀರೆಯ ಬಣ್ಣಕ್ಕೆ ಜಗಳವಾಡಿದ ಅತ್ತೆಯ ಮುಂದೆ, ನಾನು ಪೇಪರಿನ ಗಂಟನ್ನು ಹೊಗಳಿದ ಕಥೆಯನ್ನು ಇವಳು ಹೇಳಿಬಿಟ್ಟರೆ ಆ ಊರಲ್ಲಿ ಮತ್ತೆ ತಲೆಯೆತ್ತುವ ಹಾಗಿರಲಿಲ್ಲ. ಆ ದಿನ ಅವಳು ಅದೇ ಸೀರೆಯುಟ್ಟು ಹೊರಬಂದಳು. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತು, ಮೇಕೆ ಇಲ್ಲದ್ದರಿಂದ ಕಂಡಕ್ಟರಿಗೆ, "ಮೊಳಕಾಲ್ಮೂರಿಗೆ ಎರಡು ತಗಳಕೆ ಇವರಿಗೆ ಹೇಳ್ರಿ" ಎಂದಳು. ಆತ ನನ್ನತ್ತ ಬಾಗಿ, "ಎರಡಂತೆ ಸಾರ್" ಎಂದ. ಅನುಭವಸ್ಥ ಇರಬೇಕು, ಮುಖದಲ್ಲಿ ಏನೂ ಬದಲಾಗಲಿಲ್ಲ. ದಾರಿಯುದ್ದಕ್ಕೂ ಅವಳ ಮುಖವನ್ನೇ ನೋಡುತ್ತಿದ್ದೆ. ಹೇಳುತ್ತಾಳೋ, ಬಿಡುತ್ತಾಳೋ?

ತವರಿನ ಹೊಸ್ತಿಲು ದಾಟುತ್ತಲೇ ಅತ್ತೆ ಸೆರಗು ಹಿಡಿದು ಬೆಳಕಿಗೆ ತಿರುಗಿಸಿ, "ಅಲ್ಲುಡುಗಾರು ಏಮನ್ನಾರೇ?" ಎಂದರು. ಅವರ ಮನೆಮಾತಾದ ತೆಲುಗಿನಲ್ಲಿ, ಅಳಿಯಂದಿರು ಏನಂದರು ಎಂದು. ನೆರೆದಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು.

"ಏನಂತಾರವ್ವಾ, ಬಿಚ್ಚಿ ತೋರ್ಸಿದ್ದೇ ತಡ, ಮೊಬೈಲು ಅತ್ಲಾಗೆ ಬಿಸಾಕಿ ಎದ್ದು ನಿಂತ್ರು" ಎಂದಳು ವನಜ. "ಸೆರಗು ಮುಟ್ಟಿ ನೋಡಿದ್ರು, ಅಂಚು ನೋಡಿದ್ರು. ನಿಮ್ಮ ಊರ ನೇಕಾರ್ರ ಕೈಗೆ ದೃಷ್ಟಿ ತೆಗೀಬೇಕು ಅಂದ್ರು. ಎಷ್ಟೋ ಹೊತ್ತು ಬಾಯಿಂದ ಮಾತೇ ಹೊರಡ್ಲಿಲ್ಲ."

ಅತ್ತೆಯ ಕಣ್ಣು ಒದ್ದೆಯಾಯಿತು. ನನಗೆ ಹೋಳಿಗೆ ಬಡಿಸಿದರು, ಬೇಡವೆಂದರೂ ಇನ್ನೊಂದು ಬಡಿಸಿದರು. ಎಂದೂ ನಡೆಯದ ಒಂದು ಸಂಜೆಯನ್ನು ಅವಳು ಇಂಚಿಂಚೂ ಕಟ್ಟಿ ನಿಲ್ಲಿಸಿದ್ದಳು. ಅದರಲ್ಲಿ ನಾನು ಎಷ್ಟು ಒಳ್ಳೆಯ ಗಂಡನಾಗಿದ್ದೆನೆಂದರೆ, ಆ ಮನುಷ್ಯನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅವಳು ಏನನ್ನು ಬಯಸಿದ್ದಳು ಎಂಬುದನ್ನು ಅಷ್ಟು ಜನರ ಮುಂದೆ, ನನ್ನ ಮರ್ಯಾದೆ ಉಳಿಸುತ್ತಲೇ ನನಗೆ ಹೇಳಿಬಿಟ್ಟಿದ್ದಳು.

ಮನೆಗೆ ಮರಳಿದವನೇ ನಾಚಿಕೆ ಬಿಟ್ಟು ಹಿತ್ತಲಿಗೆ ಹೋದೆ. "ಚುಕ್ಕೀ, ಸೀರೆ ನಿಜವಾಗ್ಲೂ ಚೆನ್ನಾಗೈತೆ ಅಂತ ಹೇಳೇ. ತಪ್ಪಾಯ್ತು ಅಂತಾನೂ ಹೇಳು."

"ಮೇಕೆಗೇನ್ ಗೊತ್ತಾಗ್ತೈತ್ರಿ, ನನಗೇ ಹೇಳ್ರಿ" ಎಂದಳು ಒಳಗಿಂದ. ಮಾತು ಮರಳಿ ಬಂದಿತ್ತು. ಖುಷಿಯಿಂದ ಓಡಿದರೆ ಬಾಗಿಲು ಮುಚ್ಚಿತ್ತು. "ಅಲ್ಲೇ ನಿಂತು ಹೇಳ್ರಿ, ಸೆರಗಿನ ಬಣ್ಣ ಯಾವುದು?"

ಕಣ್ಣೆದುರಿಗೆ ಇಲ್ಲದ್ದನ್ನು ಹೇಳುವುದು ಮನುಷ್ಯನ ಹೆಗ್ಗಳಿಕೆ. ನನಗೆ ನೆನಪಾಗಲೊಲ್ಲದು. "ಮೆ... ಮೆ..." ಎಂದೆ. ಮೆಂತ್ಯದ ಬಣ್ಣ ಎನ್ನಬೇಕೆಂದಿದ್ದೆ, ಧೈರ್ಯ ಸಾಲಲಿಲ್ಲ. ಹಿತ್ತಲಿನಲ್ಲಿ ಚುಕ್ಕಿ ತಲೆಯೆತ್ತಿ ನೋಡಿತು.

"ಗೊತ್ತಿಲ್ಲ ವನಜಾ. ದಿನವೆಲ್ಲ ನಿನ್ನ ಮುಖ ನೋಡ್ತಾ ಇದ್ದೆ, ಸೀರೆ ಕಡೆ ಕಣ್ಣೇ ಹೋಗ್ಲಿಲ್ಲ" ಎಂದೆ. ಆ ಇಡೀ ಪ್ರಕರಣದಲ್ಲಿ ನಾನು ಆಡಿದ ಪೂರ್ತಿ ನಿಜವಾದ ಮಾತು ಅದೊಂದೇ.

ಬಾಗಿಲು ತೆರೆಯಿತು. ಮತ್ತೆ ಸೀರೆ ಮಡಿಸುತ್ತ ಕುಳಿತವಳು ನನ್ನ ಕಡೆ ತಿರುಗಿಯೂ ನೋಡದೆ, "ಭಾಳ ಚೆನ್ನಾಗೈತೆ" ಎಂದಳು.

ಅಷ್ಟರಲ್ಲಿ ಹಿತ್ತಲಿನಿಂದ ಒಂದೇ ಒಂದು ಸಲ "ಮ್ಯಾ" ಎಂದು ಕೇಳಿಸಿತು. "ಅಯ್ಯೋ ಪಾಪ, ಹಸಿದೈತೆ" ಎಂದು ಸೀರೆಯನ್ನು ಅಲ್ಲೇ ಬಿಟ್ಟು, ಸೊಪ್ಪು ಹಿಡಿದು ಎದ್ದೇ ಹೋದಳು. ಅದರ ಮಾತನ್ನು ಮಾತ್ರ ಅವಳು ಎಂದೂ ಅನುಮಾನಿಸಿದವಳಲ್ಲ.