ಏಳು ಬೆಕ್ಕು, ಒಂದು ಸೂಜಿ

ಬೆಳಗಿನ ಚಹಾ ಮುಗಿಸಿ ಹೊಸ ಕೌದಿಗೆ ಕೈ ಹಚ್ಚಲು ಕೂತ ಮಸ್ತೂರಾ ಆಪಾಗೆ ಸೂಜಿ ಸಿಗಲಿಲ್ಲ. ದಾರದ ಡಬ್ಬಿಯಲ್ಲಿ ಇರಲಿಲ್ಲ, ಚಾಪೆಯ ಕೆಳಗಿರಲಿಲ್ಲ, ತಲೆವಸ್ತ್ರದ ಅಂಚಿನಲ್ಲೂ ಇರಲಿಲ್ಲ. ಅವಳ ಎದೆ ಹೊಲಿಗೆ ಯಂತ್ರದಂತೆ ಬಡಿದುಕೊಳ್ಳತೊಡಗಿತು.

ಎದೆ ಹಾಗೆ ಬಡಿದುಕೊಳ್ಳಬಾರದೆಂದೇ ಅವಳು ಕೌದಿ ಹಿಡಿದದ್ದು. ಕರೆಂಟ್ ಹೋದಾಗ ಕೊಕಂದ ಊರಿನ ಜನ ಬೈಯಲೆಂದು ಕರೆ ಮಾಡುವ ವಿದ್ಯುತ್ ಕಚೇರಿಯ ಫೋನಿನ ಮುಂದೆ ಹಲವು ಚಳಿಗಾಲ ಕೂತು ಬಂದವಳು. “ಕೈಗೆ ಏನಾದ್ರೂ ಕೆಲಸ ಕೊಡಿ, ತಲೆ ತಣ್ಣಗಾಗುತ್ತೆ” ಎಂದಿದ್ದರು ಡಾಕ್ಟರು. ಮನೆಯಲ್ಲಿ ಬೆಕ್ಕು ಎಷ್ಟಿವೆ ಎಂದು ಅವರು ಕೇಳಲಿಲ್ಲ, ಇವಳೂ ಹೇಳಲಿಲ್ಲ. ಹತ್ತಿ ಹರಡಿದ ಕೂಡಲೇ ಏಳೂ ಬಂದು, ಮುಂಗಡ ಬಾಡಿಗೆ ಕೊಟ್ಟವರಂತೆ ಅದರ ಮೇಲೆ ಮಲಗುತ್ತಿದ್ದವು.

ಈಗ ಸೂಜಿ ಎರಡೇ ಕಡೆ ಇರಲು ಸಾಧ್ಯ: ಒಂದೋ ಯಾವುದಾದರೂ ಬೆಕ್ಕಿನ ಹೊಟ್ಟೆಯಲ್ಲಿ, ಇಲ್ಲವೇ ನಿನ್ನೆ ಸಂಜೆ ಮುಗಿಸಿ ಪಕ್ಕದ ಮನೆಗೆ ಕೊಟ್ಟ ಕೌದಿಯಲ್ಲಿ. ಹೊಟ್ಟೆಯಲ್ಲಿದ್ದರೆ ಬೆಕ್ಕು ಸಾಯುತ್ತದೆ. ಕೌದಿಯಲ್ಲಿದ್ದರೆ ತಾನು ಸತ್ತಂತೆ. ಅದು ಇನೋಬತ್ ಖಾಲಾಳ ಮೊಮ್ಮಗಳ ಮದುವೆಯ ಕೌದಿ. ಇವತ್ತೇ ಗಂಡಿನ ಕಡೆಯ ಲಾರಿ ಬಂದು ಒಯ್ಯುತ್ತದೆ. ಮದುಮಗಳ ಹಾಸಿಗೆಯಲ್ಲಿ ಸೂಜಿ ಸಿಕ್ಕರೆ ಆ ಓಣಿಯಲ್ಲಿ ಅದನ್ನು ಮರೆವು ಎನ್ನುವವರು ಯಾರೂ ಇಲ್ಲ. ಮಾಟ ಎನ್ನುತ್ತಾರೆ.

ಇನ್ನೊಂದು ಪಕ್ಕದ ಮನೆಯ, ರೇಡಿಯೋ ರಿಪೇರಿಯ ತೋಜಿವಾಯ್ ಅಂಗಳದ ಗೋಡೆಯ ಮೇಲಿಂದ ಇಣುಕಿದಾಗ, ಅವಳು ಒಂದು ಬೆಕ್ಕಿನ ಬಾಯಿ ಅಗಲಿಸಿ ಒಳಗೆ ನೋಡುತ್ತಿದ್ದಳು.

“ಏನ್ ಆಪಾ, ಹಲ್ಲಿನ ಡಾಕ್ಟರಾದ್ರಾ?”

“ನಗಬೇಡಪ್ಪಾ. ಸೂಜಿ ನುಂಗಿದಾವೆ.”

“ಏಳೂನಾ?”

“ಒಂದು. ಯಾವ್ದು ಅಂತ ಗೊತ್ತಾಗ್ತಿಲ್ಲ.”

ತೋಜಿವಾಯ್ ಒಳಗೆ ಹೋಗಿ, ಹಳೆಯ ಧ್ವನಿವರ್ಧಕದಿಂದ ಬಿಚ್ಚಿಟ್ಟಿದ್ದ ದಪ್ಪ ಅಯಸ್ಕಾಂತ ತಂದ. “ಹೊಟ್ಟೆ ಹತ್ರ ಹಿಡೀರಿ. ಸೂಜಿ ಇದ್ರೆ ತಾನಾಗೇ ಆಚೆ ಬರುತ್ತೆ.”

“ಹೊಟ್ಟೆ ಹರ್ಕೊಂಡಾ?”

ತೋಜಿವಾಯ್ ಅಷ್ಟು ದೂರ ಯೋಚಿಸಿರಲಿಲ್ಲ. “ಹಂಗಾದ್ರೆ ಮೊದ್ಲು ಕೌದಿ ನೋಡಿ. ಅಲ್ಲಿ ಸಿಕ್ರೆ ಬೆಕ್ಕುಗಳು ಬಚಾವು.”

ಮಾತು ಸರಿಯೆನಿಸಿತು. ಅಯಸ್ಕಾಂತವನ್ನು ನಿಲುವಂಗಿಯ ತೋಳಿನೊಳಗೆ ತುರುಕಿಕೊಂಡು ಮಸ್ತೂರಾ ಮದುವೆ ಮನೆಗೆ ನಡೆದಳು.

ಮದುಮಗಳ ಜೊತೆ ಕಳಿಸುವ ಕೌದಿಗಳನ್ನು ಸೂರಿಗೆ ತಾಗುವಂತೆ ಪೇರಿಸಿಟ್ಟಿದ್ದರು. ಶುಭ ಹಾರೈಸುವ ನೆಪದಲ್ಲಿ ಅವಳು ಆ ಕಡೆ ಸರಿದಳು. ಮದುಮಗಳ ಚಿಕ್ಕಮ್ಮ ಸಲೋಮತ್ ಅಡ್ಡ ಬಂದಳು. ಅವಳ ನಾಲಿಗೆಗೆ ಆ ಓಣಿಯಲ್ಲಿ ಹೆದರದವರಿಲ್ಲ.

“ಮುಟ್ಟಬೇಡಿ ಆಪಾ, ಜೋಡಿಸಿಟ್ಟಾಗಿದೆ. ಬನ್ನಿ, ಚಹಾ ಕುಡೀರಿ.”

ಕೂರಲೇಬೇಕಾಯಿತು. ಬಟ್ಟಲಿಗೆ ಕೈ ಚಾಚಿದಳು. ಟಣ್! ಹಣ್ಣಿನ ಪಾಕದ ಚಮಚ ತೋಳಿಗೆ ಅಂಟಿತು. ಕೊಡವಿಕೊಳ್ಳಲು ಹೋದಾಗ ಇನ್ನೆರಡು ಅಂಟಿದವು. ಹಿಂದಕ್ಕೆ ಸರಿದಾಗ, ರಿಬ್ಬನ್ ಕತ್ತರಿಸಲು ಇಟ್ಟಿದ್ದ ಕತ್ತರಿಯೂ ಹಾಸಿನ ಮೇಲೆ ಜಾರಿಕೊಂಡು ಬಂದು ಸೇರಿತು. ಮಸ್ತೂರಾ ಪಾತ್ರೆ ಮಾರುವವನ ಸೈಕಲ್ಲಿನಂತೆ ಕಾಣುತ್ತಿದ್ದಳು.

“ಅಯ್ಯಯ್ಯೋ!” ಸಲೋಮತ್ ಚೀರಿದಳು. “ಮದುವೆ ಮನೇಲಿ ಚಮಚ ಕದಿಯೋದಾ?”

“ನಾನು ಕದೀತಿಲ್ಲಮ್ಮಾ, ಅವೇ ಬರ್ತಿವೆ!”

ಹೆಂಗಸರೆಲ್ಲ ಸುತ್ತುಗಟ್ಟಿದರು. ಇನೋಬತ್ ಖಾಲಾ ಮಾತ್ರ ಮೆಲ್ಲಗೆ ಕೇಳಿದಳು: “ಮಸ್ತೂರಾ, ನಿಜ ಹೇಳು. ಏನಾಯ್ತು?”

ಅವಳು ಹೇಳಿಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ಮದುಮಗಳು ದಿಲ್ರಾಬೋ ಗೋಡೆಗೆ ಆತುಕೊಂಡಳು. “ಲಾರಿ ಬಂತು!” ಎಂದು ಅಂಗಳದಿಂದ ಯಾರೋ ಕೂಗಿದರು.

ಮಸ್ತೂರಾ ಹೊಲಿದ ಕೌದಿಯನ್ನು ಎಳೆದು ನೆಲಕ್ಕೆ ಹಾಸಿದರು. ಅಯಸ್ಕಾಂತ ಅದರ ಮೇಲೆ ಹರಿದಾಡಿತು. ನಡುವೆ ಏನಿಲ್ಲ, ಅಂಚಿನಲ್ಲಿ ಏನಿಲ್ಲ. ಒಂದು ಮೂಲೆಗೆ ಬಂದಾಗ ಬಟ್ಟೆ ಮೊಲೆ ಹಿಡಿದ ಮಗುವಿನಂತೆ ಅದಕ್ಕೆ ಕಚ್ಚಿಕೊಂಡಿತು. ಹೊಲಿಗೆ ಬಿಚ್ಚಿದರು. ಹತ್ತಿಯೊಳಗಿಂದ ಸೂಜಿ ಹಾರಿ ಬಂದು ಟಿಕ್ ಎಂದು ಅಂಟಿತು.

“ಸಿಕ್ತು!” ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಮಸ್ತೂರಾಳ ಕಣ್ಣಲ್ಲಿ ನೀರು ಬಂತು. ಬೆಕ್ಕುಗಳು ಉಳಿದವು.

ಇನೋಬತ್ ಖಾಲಾ ಎದೆ ನೀವಿಕೊಂಡಳು. “ಸದ್ಯ, ನಿನ್ನ ಸೂಜಿ ಅಂತ ಗೊತ್ತಾಯ್ತು. ಇಲ್ದಿದ್ರೆ ಯಾರೋ ಮಾಟ ಮಾಡ್ಸಿದ್ದಾರೆ ಅಂತ ಈ ಮದುವೇನೇ ನಿಲ್ಲಿಸಿಬಿಡ್ತಿದ್ದೆ. ನಿಂದೇ ತಾನೆ?”

ಮಸ್ತೂರಾ ಕಣ್ಣೊರೆಸಿಕೊಂಡು ನೋಡಿದಳು. ಅವಳದು ಬೆರಳುದ್ದದ ದಪ್ಪ ಸೂಜಿ, ಹಳದಿ ದಾರ. ಇದು ರೆಪ್ಪೆಗೂದಲಿನಷ್ಟು ತೆಳು. ಸೂಜಿಗಣ್ಣಿನಲ್ಲಿ ಕಪ್ಪು ದಾರ, ದಾರದ ತುಂಬ ಗಂಟು.

ತಲೆಯೆತ್ತಿದಳು. ಯಾವ ಮಾತಿಗೂ ಮುಂದಿರುವ ಸಲೋಮತ್ ಚಹಾ ಬಟ್ಟಲಿನ ತಳ ನೋಡುತ್ತಿದ್ದಳು. ಇವಳ ನೋಟ ತಾಗಿದ್ದೇ ತಡ, “ಅವರದೇ, ಅವರದೇ! ಇನ್ಯಾರದು ಇರುತ್ತೆ?” ಎಂದಳು.

ಹೊರಗೆ ಲಾರಿ ಹಾರ್ನ್ ಹೊಡೆಯಿತು. ದಿಲ್ರಾಬೋ ಮಸ್ತೂರಾಳ ತುಟಿಯನ್ನೇ ನೋಡುತ್ತಿದ್ದಳು.

“ನಂದೇ” ಎಂದಳು ಮಸ್ತೂರಾ.

ಆಮೇಲೆ ನಗುವೋ ನಗು. “ಇನ್ಮೇಲೆ ಸೂಜಿಗೂ ಗಂಟೆ ಕಟ್ಟಿ ಆಪಾ!” ಎಂದು ಒಬ್ಬಳು ಛೇಡಿಸಿದಳು. ಎಲ್ಲರೂ ಕೂಡಿ ಮೂಲೆ ಹೊಲಿದರು, ಲಾರಿ ಹೊರಟಿತು. ಇನೋಬತ್ ಖಾಲಾ ಒಂದು ಬಟ್ಟಲು ತುಂಬ ಪಲಾವ್ ಹಾಕಿ, ಮೇಲೆ ಕುರಿಮಾಂಸದ ದೊಡ್ಡ ತುಂಡಿಟ್ಟು ಕಳಿಸಿದಳು.

ಮಸ್ತೂರಾ ಅಂಗಳದ ಬಾಗಿಲು ತೆರೆದಳು. ಮಾಂಸದ ವಾಸನೆಗೆ ಆರು ಬೆಕ್ಕುಗಳು ಓಡಿ ಬಂದು ಕಾಲು ಸುತ್ತಿದವು.

ಏಳನೆಯದು ದ್ರಾಕ್ಷಿ ಚಪ್ಪರದ ಕೆಳಗೆ ಕತ್ತು ಚಾಚಿ ಕೂತು ಕೆಮ್ಮುತ್ತಿತ್ತು.